ಕಾಫಿ ಚೆಲ್ಲಿದ ಲ್ಯಾಪ್‌ಟಾಪ್: ಬೋರ್ಡ್ ಬದಲಿಸಬೇಕೆ, ರಿಪೇರಿ ಸಾಕೆ?

ಪ್ರಶ್ನೆ: ನಮಸ್ಕಾರ ಸರ್. ಮಗಳ ಲ್ಯಾಪ್‌ಟಾಪಿನ ಕೀಬೋರ್ಡಿನ ಮೇಲೆ ಅರ್ಧ ಲೋಟ ಕಾಫಿ ಚೆಲ್ಲಿತು. ಒರೆಸಿ, ಅಕ್ಕಿ ಡಬ್ಬಿಯಲ್ಲಿ ಹುದುಗಿಸಿಟ್ಟು ಆನ್ ಮಾಡಿದಾಗ ಒಂದು ದಿನ ಸರಿಯಾಗಿಯೇ ನಡೆದು, ಮರುದಿನ ಪೂರ್ತಿ ನಿಂತುಹೋಯಿತು. ಈಗ ಚಾರ್ಜರ್ ಸಿಕ್ಕಿಸಿದ ಕೂಡಲೇ ಚಾರ್ಜರಿನ ದೀಪವೇ ಆರುತ್ತದೆ. ಮದರ್‌ಬೋರ್ಡ್ ಬದಲಿಸದೆ ದಾರಿಯಿಲ್ಲ ಎಂದು ಸರ್ವೀಸ್ ಸೆಂಟರಿನವರು ಹೇಳುತ್ತಾರೆ. ಬೋರ್ಡಿನಲ್ಲಿ ಕೆಟ್ಟ ಬಿಡಿಭಾಗವನ್ನಷ್ಟೇ ಬದಲಿಸುವ ಚಿಪ್ ಲೆವೆಲ್ ರಿಪೇರಿಯಲ್ಲಿ ಸರಿಹೋಗಬಹುದೆ? ಒಳಗಿರುವ ಫೈಲುಗಳು ಸಿಗುತ್ತವೆಯೆ?

ಉತ್ತರ: ನಮಸ್ಕಾರ. ದೀಪ ಆರುವುದನ್ನು ಬರೆದದ್ದು ಒಳ್ಳೆಯದಾಯಿತು. ಬೋರ್ಡಿಗೆ 19 ವೋಲ್ಟ್ ಒಳಬರುವ ಮುಖ್ಯ ಲೈನು ಬಹುಮಟ್ಟಿಗೆ ಗ್ರೌಂಡಿಗೆ, ಅಂದರೆ ಋಣ ಬದಿಗೆ, ನೇರವಾಗಿ ತಗುಲಿ ಶಾರ್ಟ್ ಆಗಿದೆ. ಹಾಗಾಗಿ ಚಾರ್ಜರ್ ತನ್ನ ರಕ್ಷಣೆಗಾಗಿ ತಾನೇ ನಿಲ್ಲುತ್ತಿದೆ. ಒಮ್ಮೆ ಆನ್ ಆಗಿ ಒಮ್ಮೆ ಆಗದೆ ಸತಾಯಿಸುವ ಬೋರ್ಡಿಗಿಂತ ಇದು ನಮಗೆ ಸುಲಭದ ಕೆಲಸ. ಇನ್ನು ಮೇಲೆ ಚಾರ್ಜರ್ ಸಿಕ್ಕಿಸಿ ನೋಡಬೇಡಿ, ಬ್ಯಾಟರಿ ಕನೆಕ್ಟರನ್ನು ಬಿಡಿಸಿಡಿಸಿ.

ಅಕ್ಕಿಯಿಂದ ಪ್ರಯೋಜನವಿಲ್ಲ. ತೇವ ಆರಿದರೂ ಸಕ್ಕರೆ, ಹಾಲಿನ ಅಂಶ, ಲವಣ ಬೋರ್ಡಿನ ಮೇಲೆಯೇ ಉಳಿಯುತ್ತವೆ. ಲ್ಯಾಪ್‌ಟಾಪ್ ಆಫ್ ಆಗಿದ್ದರೂ ಬ್ಯಾಟರಿಯಿಂದ ಕೆಲವು ಲೈನುಗಳಲ್ಲಿ ವೋಲ್ಟೇಜ್ ಸದಾ ಇರುತ್ತದೆ. ಅದಕ್ಕೆ ತೇವ ಸೇರಿದಾಗ ಧನ ಬದಿಯ ತಾಮ್ರ ಕರಗಿ ಋಣ ಬದಿಗೆ ಸಾಗಿ, ಅಲ್ಲಿ ಕೂತು ಧನ ಬದಿಯ ಕಡೆಗೆ ಬೆಳೆಯುವುದರಿಂದ ಒಂದು ಕಡೆ ಟ್ರ್ಯಾಕ್ (ಬೋರ್ಡಿನ ತಾಮ್ರದ ಗೆರೆ) ತುಂಡಾಗುತ್ತದೆ, ಇನ್ನೊಂದು ಕಡೆ ಶಾರ್ಟ್ ಆಗುತ್ತದೆ. ಒಂದು ದಿನ ನಡೆದು ನಿಲ್ಲುವ ಲ್ಯಾಪ್‌ಟಾಪುಗಳ ಕಥೆ ಸಾಮಾನ್ಯವಾಗಿ ಇದೇ.

ರಿಪೇರಿಯಲ್ಲಿ ಮೊದಲು ಬೋರ್ಡನ್ನು ಮೈಕ್ರೋಸ್ಕೋಪಿನಡಿ ನೋಡಿ ಹಸಿರು ಅಥವಾ ಬಿಳಿ ಪುಡಿಗಟ್ಟಿದ ಜಾಗಗಳನ್ನು ಗುರುತಿಸುತ್ತೇವೆ. ಸಕ್ಕರೆ ಆಲ್ಕೊಹಾಲಿನಲ್ಲಿ ಸರಿಯಾಗಿ ಕರಗದ ಕಾರಣ ನೀರು ಬೆರೆತ ಕ್ಲೀನಿಂಗ್ ದ್ರಾವಣದಲ್ಲಿ ಅಲ್ಟ್ರಾಸಾನಿಕ್ ತೊಳೆತ ಕೊಟ್ಟು, ಡಿಸ್ಟಿಲ್ಡ್ ವಾಟರಿನಿಂದ ಜಾಲಾಡಿಸಿ, ಶೇ 99ರ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ನೀರನ್ನು ಹೊರಹಾಕಿ ಒಣಗಿಸುತ್ತೇವೆ. ನಿಜವಾದ ಕೆಲಸ ಆಮೇಲೆ. ಶಾರ್ಟ್ ಆದ ಲೈನಿಗೆ ಪವರ್ ಸಪ್ಲೈಯಿಂದ 1 ವೋಲ್ಟಿನಷ್ಟು ಮಾತ್ರ ಕೊಟ್ಟು, ಬೋರ್ಡಿನ ಮೇಲೆ ಆಲ್ಕೊಹಾಲ್ ತೆಳುವಾಗಿ ಸವರಿದರೆ, ಬಿಸಿಯಾಗುವ ಭಾಗದ ಸುತ್ತ ಅದು ಎಲ್ಲಕ್ಕಿಂತ ಮೊದಲು ಆರುತ್ತದೆ. ಅನೇಕ ಸಲ ಅಲ್ಲಿರುವುದು ಸಾಸಿವೆ ಕಾಳಿನಷ್ಟು ಚಿಕ್ಕ ಸೆರಾಮಿಕ್ ಕೆಪಾಸಿಟರ್. ಅದನ್ನು ತೆಗೆದರೆ ಶಾರ್ಟ್ ಹೋಗುತ್ತದೆ. ಪೂರ್ತಿ 19 ವೋಲ್ಟ್ ಕೊಡುವ ಆತುರ ಮಾತ್ರ ಕೂಡದು, ಏಕೆಂದರೆ ಕೆಟ್ಟಿರುವುದು ಪ್ರೊಸೆಸರಿಗೆ ವಿದ್ಯುತ್ ಕೊಡುವ ಲೈನಿನ ಹೈ ಸೈಡ್ ಮಾಸ್ಫೆಟ್ (19 ವೋಲ್ಟಿನ ಕಡೆಯ ಸ್ವಿಚ್) ಆಗಿದ್ದರೆ ಆ ವೋಲ್ಟೇಜ್ ನೇರವಾಗಿ ಸುಮಾರು 1 ವೋಲ್ಟಿನಲ್ಲಿ ನಡೆಯುವ ಪ್ರೊಸೆಸರಿಗೆ ನುಗ್ಗುತ್ತದೆ. ಪ್ರೊಸೆಸರೇ ಹೋಗಿದ್ದರೆ ಬೋರ್ಡ್ ಬದಲಿಸಿ ಎಂದು ನಾನೂ ಹೇಳುತ್ತೇನೆ.

ಫೈಲುಗಳ ಮಾತು ಬೇರೆ. ಫೈಲುಗಳಿರುವ ಎಸ್‌ಎಸ್‌ಡಿ ಬಿಚ್ಚಿ ತೆಗೆಯುವಂಥದ್ದಾದರೆ ಹೊರಗಿನ ಕೇಸಿಗೆ ಹಾಕಿ ಓದಬಹುದು. ವಿಂಡೋಸ್‌ನ ಡಿಸ್ಕ್ ಬೀಗವಾದ ಬಿಟ್‌ಲಾಕರ್ ಇದ್ದರೆ ರಿಕವರಿ ಕೀ ಬೇಕಾಗುತ್ತದೆ. ಈಚಿನ ಮ್ಯಾಕ್‌ಬುಕ್‌ಗಳಂತೆ ಫೈಲುಗಳಿರುವ ಚಿಪ್ಪನ್ನು ಬೋರ್ಡಿಗೇ ಬೆಸೆದಿದ್ದು, ಎನ್‌ಕ್ರಿಪ್ಷನ್ (ಫೈಲುಗಳ ಗೂಢಲಿಪಿ) ಪ್ರೊಸೆಸರಿಗೆ ಕಟ್ಟುಬಿದ್ದಿದ್ದರೆ, ಅದೇ ಬೋರ್ಡು ಮತ್ತೆ ಜೀವ ಪಡೆಯದೆ ಫೈಲುಗಳು ಸಿಗುವುದಿಲ್ಲ. ಅಂಥ ಬೋರ್ಡನ್ನು ಬದಲಿಸಲು ಒಪ್ಪುವ ಮೊದಲು ಯೋಚಿಸಿ.

ಇನ್ನೊಬ್ಬ ಸದಸ್ಯರು: ಮನೆಯಲ್ಲೇ ಸ್ಯಾನಿಟೈಸರಿನಿಂದ ತೊಳೆಯಬಹುದೆ, ಸರ್?

ಉತ್ತರ: ಬೇಡ. ಅದರಲ್ಲಿ ನೀರಿರುತ್ತದೆ, ಅನೇಕ ಬಗೆಗಳಲ್ಲಿ ಗ್ಲಿಸರಿನ್ ಕೂಡ ಇದ್ದು ಅಂಟು ಉಳಿಸುತ್ತದೆ. ಹೇರ್ ಡ್ರೈಯರ್ ಕೂಡ ಬೇಡ. ಅದರ ಗಾಳಿ ದ್ರವವನ್ನು ಚಿಪ್ಪುಗಳ ಅಡಿಗೆ ತಳ್ಳಬಹುದು.

ಮರುಪ್ರಶ್ನೆ: ಧನ್ಯವಾದ ಸರ್. ಅಂಗಡಿಯವರ ಕೆಲಸ ಸರಿಯಿದೆಯೆಂದು ತಿಳಿಯುವುದು ಹೇಗೆ?

ಉತ್ತರ: ಬೆಂಗಳೂರಿನವರಾದರೆ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರಸ್ತೆಯಲ್ಲಿ ವಿಚಾರಿಸಬಹುದು. ಯಾವ ಲೈನು ಶಾರ್ಟ್ ಆಗಿತ್ತು, ಯಾವ ಭಾಗ ಬದಲಾಯಿತು ಎಂದು ಕೇಳಿ, ಮೊದಲಿನ ಮತ್ತು ನಂತರದ ಫೋಟೋ ಪಡೆಯಿರಿ. ಅಳತೆಯನ್ನೇ ಮಾಡದೆ ಹಾಟ್ ಏರ್ ಹಿಡಿದು ಚಿಪ್ಪು ಬಿಸಿ ಮಾಡುವವರ ಕೈಗೆ ಬೋರ್ಡ್ ಕೊಡಬೇಡಿ. ಕೇವಲ ತೊಳೆದು "ಆನ್ ಆಯಿತು" ಎಂದು ಕೊಟ್ಟರೆ ಅದನ್ನು ರಿಪೇರಿ ಎನ್ನಲಾಗದು. ಕೀಬೋರ್ಡನ್ನೂ ಬದಲಿಸಿಕೊಳ್ಳಿ, ಏಕೆಂದರೆ ಕಾಫಿ ಮೊದಲು ಇಳಿದದ್ದು ಅದರೊಳಕ್ಕೇ.