ಒಂಬತ್ತನೇ ತರಗತಿಗೆ ಕೃತಕ ನರಜಾಲ: ಎಲ್ಲಿಂದ ಶುರು ಮಾಡಲಿ?

ವಿಜ್ಞಾನ ಶಿಕ್ಷಕಿ, ಶಿರಸಿ:
ಮುಂದಿನ ವಾರ ವಿಜ್ಞಾನ ಸಂಘದ ಅವಧಿಯಲ್ಲಿ ಮಕ್ಕಳಿಗೆ ಕೃತಕ ನರಜಾಲ, ಅಂದರೆ ನ್ಯೂರಲ್ ನೆಟ್‌ವರ್ಕ್ ಕುರಿತು ಹೇಳಬೇಕಿದೆ. ಬೆರಳಿನಲ್ಲಿ ಗೀಚಿದ ಅಕ್ಷರವನ್ನು ಮೊಬೈಲ್ ಹೇಗೆ ಓದುತ್ತದೆ ಎಂದು ಅವರೇ ಕೇಳಿದ್ದಾರೆ. ಶಾಲೆಯಲ್ಲಿ ಕಂಪ್ಯೂಟರ್ ಇದೆ, ಕರೆಂಟ್ ಇದ್ದಾಗ. ನರಕೋಶದ ಚಿತ್ರ ಬರೆದು ಆರಂಭಿಸಬಹುದು, ಆದರೆ ಅಲ್ಲಿಂದ ಮುಂದೆ ದಾರಿ ಕಾಣುತ್ತಿಲ್ಲ. ನೋಡಿದ ವಿಡಿಯೊಗಳೆಲ್ಲ ಸುತ್ತುಗಳ ನಡುವೆ ಗೆರೆ ಎಳೆದು ‘ಇದು ಕಲಿಯುತ್ತದೆ’ ಎಂದು ಮುಗಿಸುತ್ತವೆ. ಕಲಿತದ್ದನ್ನು ಎಲ್ಲಿ ಇಟ್ಟುಕೊಳ್ಳುತ್ತದೆ ಎಂದು ಯಾರಾದರೂ ಕೇಳಿದರೆ ಏನು ಹೇಳಲಿ? ಕರಿಹಲಗೆಯ ಮೇಲೆಯೇ ಆಗುವಂಥದ್ದು ಬೇಕು.

ನಿವೃತ್ತ ಗಣಿತ ಮೇಷ್ಟ್ರು:
ಮೇಡಂ, ನರಕೋಶದ ಚಿತ್ರವನ್ನು ಕೊನೆಗೆ ಇಡಿ. ಮೊದಲೇ ತೋರಿಸಿದರೆ ಮಕ್ಕಳು ಯಂತ್ರದೊಳಗೆ ಮೆದುಳು ಕೂತಿದೆ ಎಂದುಕೊಳ್ಳುತ್ತಾರೆ; ಆಮೇಲೆ ಆ ಭೂತ ಬಿಡಿಸುವುದು ಕಷ್ಟ. ನಮ್ಮ ತಲೆಯಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ನೀವು ಹೇಳಹೊರಟಿರುವುದು ಕೂಡುವುದು, ಕಳೆಯುವುದು, ಅಷ್ಟೇ.

ಒಂಬತ್ತು ಮನೆಗಳ ಚೌಕ ಬರೆಯಿರಿ. ಕನ್ನಡದ ೦ ಮತ್ತು ೧ ಹೀಗಿರಲಿ:

■■■
■□■
■■■

■■■
■□■
■□■

ಪ್ರತಿ ಮನೆಗೆ ಒಬ್ಬ ವಿದ್ಯಾರ್ಥಿ, ಕೈಯಲ್ಲಿ ಸ್ಲೇಟು. ಸ್ಲೇಟಿನಲ್ಲಿ ಆ ಮನೆಯ ‘ತೂಕ’. ಆರಂಭದಲ್ಲಿ ಎಲ್ಲರದ್ದೂ ಸೊನ್ನೆ. ಚಿತ್ರ ತೋರಿಸಿದಾಗ ತುಂಬಿದ ಮನೆಗಳ ತೂಕವನ್ನು ಮಾತ್ರ ಕೂಡಬೇಕು. ಮೊತ್ತ ಸೊನ್ನೆಗಿಂತ ಹೆಚ್ಚಾದರೆ ಉತ್ತರ ೦, ಇಲ್ಲದಿದ್ದರೆ ೧. ಉತ್ತರ ಸರಿಯಾದರೆ ಸ್ಲೇಟು ಮುಟ್ಟಬಾರದು. ೦ ಅನ್ನು ೧ ಎಂದರೆ ತುಂಬಿದ ಮನೆಗಳಿಗೆ ಒಂದೊಂದು ಕೂಡಿಸಿ. ೧ ಅನ್ನು ೦ ಎಂದರೆ ಒಂದೊಂದು ಕಳೆಯಿರಿ.

ಈಗ ೦ ತೋರಿಸಿ. ಮೊತ್ತ ಸೊನ್ನೆ, ಉತ್ತರ ೧, ತಪ್ಪು. ಸುತ್ತಲಿನ ಎಂಟು ಮನೆಗಳಿಗೂ ಒಂದೊಂದು ಬಂತು. ಬಳಿಕ ೧ ತೋರಿಸಿ. ಮೊತ್ತ ಏಳು, ಉತ್ತರ ೦, ಮತ್ತೆ ತಪ್ಪು. ಏಳು ಮನೆಗಳಿಂದ ಒಂದೊಂದು ಹೋಯಿತು. ಇನ್ನೊಮ್ಮೆ ಎರಡನ್ನೂ ತೋರಿಸಿ ನೋಡಿ, ಎರಡೂ ಸರಿ. ಸ್ಲೇಟುಗಳನ್ನು ಎತ್ತಿ ಹಿಡಿಯಲು ಹೇಳಿ: ಕೆಳಸಾಲಿನ ನಡುವಿನ ಮನೆಯಲ್ಲಿ 1, ಉಳಿದೆಲ್ಲೆಡೆ ಸೊನ್ನೆ. ಎರಡು ಅಂಕಿಗಳ ವ್ಯತ್ಯಾಸ ಆ ಮನೆಯಲ್ಲಿದೆ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಕಲಿತದ್ದು ಇರುವುದು ಆ ಸ್ಲೇಟುಗಳಲ್ಲಿ. ಅಮೆರಿಕದ ಫ್ರಾಂಕ್ ರೋಸೆನ್‌ಬ್ಲಾಟ್ 1958ರಲ್ಲಿ ಪ್ರಕಟಿಸಿದ, ತಪ್ಪಿನಿಂದ ಕಲಿಯುವ ಪರ್ಸೆಪ್ಟ್ರಾನ್ ಎಂಬ ಕೃತಕ ನರಜಾಲದ ತಿರುಳೂ ಇದೇ. ಅವರು ಕಟ್ಟಿದ ಯಂತ್ರಕ್ಕೆ ಕಣ್ಣಾಗಿ 400 ಬೆಳಕಿನ ಕೋಶಗಳಿದ್ದವು, ಅಡ್ಡಕ್ಕೆ 20, ಉದ್ದಕ್ಕೆ 20. ತೂಕಗಳು ಹಳೆಯ ರೇಡಿಯೊದ ವಾಲ್ಯೂಮ್ ತಿರುಪಿನಂಥವು. ತಪ್ಪಾದಾಗ ಮೋಟಾರುಗಳು ಅವನ್ನು ತಿರುಗಿಸುತ್ತಿದ್ದವು.

ವಿಜ್ಞಾನ ಶಿಕ್ಷಕಿ, ಶಿರಸಿ:
ಸರ್, ಮಾಡಿಸಿದೆ. ನಡುಮನೆಯ ಹುಡುಗಿಗೆ ಕೊನೆಯವರೆಗೂ ಕೆಲಸವಿಲ್ಲವೆಂದು ಬೇಸರವಾಯಿತು, ಉಳಿದಂತೆ ಚೆನ್ನಾಗಿ ನಡೆಯಿತು. ಆದರೆ ಹಿಂದಿನ ಬೆಂಚಿನವನೊಬ್ಬ ಕಿಂಡಿಯನ್ನು ಕೆಳಗಿನ ಬಲಮೂಲೆಯಲ್ಲಿ ಬಿಟ್ಟು ‘ನಾನು ೧ ಬರೆಯುವುದೇ ಹೀಗೆ’ ಎಂದ. ನಮ್ಮ ಯಂತ್ರ ೦ ಎಂದಿತು. ತಿದ್ದಲು ಹೊರಟರೆ ಒಂದನ್ನು ಸರಿಮಾಡಿದಾಗ ಇನ್ನೊಂದು ಕೆಡುತ್ತಿತ್ತು. ಅಷ್ಟರಲ್ಲಿ ಗಂಟೆ ಹೊಡೆಯಿತು.

ಬೆಂಗಳೂರಿನ ಸಾಫ್ಟ್‌ವೇರ್ ಕೆಲಸಗಾರ:
ಆ ಹುಡುಗ ಕೇಳಿದ್ದೇ ನಿಜವಾದ ಪ್ರಶ್ನೆ. ಜನ ಒಂದೇ ಅಂಕಿಯನ್ನು ನೂರು ಥರ ಬರೆಯುತ್ತಾರೆ, ಅದಕ್ಕೇ ನಮಗೆ ರಾಶಿ ರಾಶಿ ಮಾದರಿಗಳು ಬೇಕು. 2019ರಲ್ಲಿ ಹೊರಬಂದ ಕನ್ನಡ ಎಮ್‌ನಿಸ್ಟ್ ಎಂಬ ಸಂಗ್ರಹದಲ್ಲಿ ಕೈಬರಹದ ಕನ್ನಡ ಅಂಕಿಗಳ 60,000 ಚಿತ್ರಗಳು ಕಲಿಸಲು, 10,000 ಪರೀಕ್ಷಿಸಲು ಇವೆ. ಉಚಿತವಾಗಿ ಸಿಗುತ್ತದೆ. ಒಂದೊಂದು ಚಿತ್ರದಲ್ಲೂ 28ಕ್ಕೆ 28, ಅಂದರೆ 784 ಮನೆಗಳು. ಅವಸರದ ಬರಹದ ೩ ಮತ್ತು ೭ ಪಕ್ಕಪಕ್ಕ ಇಟ್ಟು ತೋರಿಸಿ, ನಾವೇ ತಡವರಿಸುತ್ತೇವೆ. ಪರೀಕ್ಷೆಯ ಚಿತ್ರಗಳನ್ನು ಕಲಿಸುವಾಗ ತೋರಿಸಲೇಬಾರದು ಎಂಬುದನ್ನೂ ಹೇಳಿ. ಪ್ರಶ್ನೆಪತ್ರಿಕೆ ಸೋರಿಕೆ ಎಂದರೆ ಮಕ್ಕಳಿಗೆ ತಕ್ಷಣ ಅರ್ಥವಾಗುತ್ತದೆ!

ನಿವೃತ್ತ ಗಣಿತ ಮೇಷ್ಟ್ರು:
ಮೇಡಂ, ತಿದ್ದುತ್ತಾ ಹೋದರೆ ಅದೂ ಕೂಡಿಬರುತ್ತದೆ, ಸುತ್ತುಗಳು ಹೆಚ್ಚು ಬೇಕು. ಎಷ್ಟು ತಿದ್ದಿದರೂ ಕೂಡಿಬರದ ಲೆಕ್ಕವೊಂದಿದೆ, ಅದನ್ನೂ ಕೊಡಿ. ಎರಡೇ ಮನೆ. ಒಂದೇ ಒಂದು ತುಂಬಿದ್ದರೆ ‘ಹೌದು’, ಎರಡೂ ತುಂಬಿದ್ದರೆ ‘ಇಲ್ಲ’. ಮೊತ್ತ ಸೊನ್ನೆಗಿಂತ ಹೆಚ್ಚಾದರೆ ‘ಹೌದು’ ಎನ್ನುವುದಾದರೆ ಎರಡೂ ತೂಕಗಳು ಸೊನ್ನೆಗಿಂತ ಹೆಚ್ಚಿರಬೇಕು. ಹಾಗಿದ್ದಾಗ ಅವುಗಳ ಮೊತ್ತ ಸೊನ್ನೆಗೆ ಇಳಿಯುವುದು ಹೇಗೆ? ಒಂಬತ್ತನೆಯವರು ಇದನ್ನು ತಾವೇ ಸಾಧಿಸಬಲ್ಲರು. ಮಿನ್ಸ್ಕಿ ಮತ್ತು ಪೇಪರ್ಟ್ ಎಂಬ ಸಂಶೋಧಕರು 1969ರಲ್ಲಿ ಇಂಥ ಮಿತಿಗಳನ್ನೇ ಎತ್ತಿ ತೋರಿಸಿದರು. ಪರಿಹಾರವೆಂದರೆ ನಡುವೆ ಇನ್ನೊಂದು ಸಾಲು ಕೂಡಿಸುವುದು: ಮೊದಲ ಸಾಲಿನವರ ಉತ್ತರಗಳನ್ನು ಎರಡನೆಯ ಸಾಲಿನವರು ತೂಗಿ ನೋಡುತ್ತಾರೆ. ‘ಜಾಲ’ ಎಂಬ ಹೆಸರು ಒಪ್ಪುವುದು ಆಗಲೇ. ಕೊನೆಯಲ್ಲಾದ ತಪ್ಪಿಗೆ ನಡುವಿನವರ ಪಾಲೆಷ್ಟು ಎಂದು ಹಿಂದಕ್ಕೆ ಹಂಚುವ ಲೆಕ್ಕ 1986ರಲ್ಲಿ ರೂಮೆಲ್‌ಹಾರ್ಟ್, ಹಿಂಟನ್, ವಿಲಿಯಮ್ಸ್ ಬರೆದ ಪ್ರಬಂಧದಿಂದ ಹೆಸರಾಯಿತು. ಅದಕ್ಕೆ ಕಲನಶಾಸ್ತ್ರ ಬೇಕು, ಪಿಯುಸಿಯವರೆಗೆ ಕಾಯಲಿ.

ಹಿಂದಿನ ಬೆಂಚಿನವನಿಗೆ ಮಾತ್ರ ಈ ಮನೆಗೆಲಸ ಕೊಡಿ: ಕೂಡಿ ಕಳೆಯುವ ಗೋಜಿಲ್ಲದೆ, ಮೂರೂ ಚಿತ್ರಗಳಿಗೆ ಸರಿಹೊಂದುವ ತೂಕಗಳನ್ನು ನೇರವಾಗಿ ಹುಡುಕಲಿ. ಕೆಳಸಾಲಿನ ನಡುಮನೆಗೆ 2, ಬಲಮೂಲೆಗೆ 2, ಮೇಲಿನ ಎಡಮೂಲೆಗೆ ಮೈನಸ್ 3, ಉಳಿದವಕ್ಕೆ ಸೊನ್ನೆ. ಇದು ಒಂದು ಉತ್ತರ. ಆ ಮೈನಸ್ 3 ಅನ್ನು ಅವನು ಸುತ್ತಲಿನ ಬೇರೆ ಮನೆಗೆ ಹಾಕಿ ತಂದರೆ ತಪ್ಪು ಗುರುತು ಹಾಕಬೇಡಿ, ಅದೂ ಸರಿಯೇ.