ಅರಣ್ಯ ತಿದ್ದುಪಡಿ ಆದಮೇಲೆ ಮಜರೆ ರಸ್ತೆಗೆ ಅನುಮತಿ ಬೇಕೋ ಬೇಡವೋ?

ಪ್ರಶ್ನೆ: ಶಿರಸಿ ಕಡೆ ಡಾಂಬರು ರಸ್ತೆಯಿಂದ ಒಂದು ಮಜರೆಗೆ 600 ಮೀಟರ್ ಕಾಡುದಾರಿ, ಆರು ಮೀಟರ್ ಅಗಲ ಬೇಕು. 2023ರ ಅರಣ್ಯ ಸಂರಕ್ಷಣಾ ತಿದ್ದುಪಡಿಯಲ್ಲಿ ಇದಕ್ಕೆ ವಿನಾಯಿತಿ ಇದೆ ಅಂತಾರೆ. ಹೌದಾ?

ಉತ್ತರ 1: ಇದೆ, ಆದ್ರೆ ನಿಮಗೆ ಸಾಲದು. ಸರ್ಕಾರಿ ರಸ್ತೆ ಅಥವಾ ರೈಲುಹಳಿ ಪಕ್ಕದ ಕಾಡಿನಲ್ಲಿ ಜನವಸತಿಗೆ ದಾರಿ ಮಾಡಲು ಮಿತಿ 0.10 ಹೆಕ್ಟೇರ್, ಅಂದ್ರೆ ಹತ್ತು ಗುಂಟೆಗೂ ಚೂರು ಕಮ್ಮಿ. ಆರು ಮೀಟರ್ ಅಗಲಕ್ಕೆ 166 ಮೀಟರ್‌ಗೇ ಮುಗೀತು. ನಿಮ್ಮದು 0.36 ಹೆಕ್ಟೇರ್. ತುಂಡು ತುಂಡು ಮಾಡಿ ತೋರಿಸಿ ಅನ್ನೋ ಬುದ್ಧಿವಂತರು ಸಿಗ್ತಾರೆ, ಕೇಳ್ಬೇಡಿ.

ಉತ್ತರ 2: ಅದನ್ನ ಬಿಡಿ ಮಾರಾಯ್ರೆ, ಅರಣ್ಯ ಹಕ್ಕು ಕಾಯ್ದೆ 2006ರ ಕಲಂ 3(2) ಹಿಡೀರಿ. ಶಾಲೆ, ಅಂಗನವಾಡಿ, ಕುಡಿಯುವ ನೀರು, ರಸ್ತೆ ಹೀಗೆ 13 ಬಗೆಯ ಕೆಲಸಕ್ಕೆ ಒಂದೊಂದಕ್ಕೂ ಒಂದು ಹೆಕ್ಟೇರ್‌ಗಿಂತ ಕಡಿಮೆ ಜಾಗ ಕೊಡಬಹುದು, ಕಡಿಯೋದಕ್ಕೆ ಹೆಕ್ಟೇರಿಗೆ 75 ಮರದ ಮಿತಿ. ನಿಮ್ಮ ಜಾಗಕ್ಕೆ ಲೆಕ್ಕ ಹಾಕಿದ್ರೆ 27 ಮರ. ನಮ್ಮ ಘಟ್ಟದ ಕಾಡಲ್ಲಿ ಸಿಕ್ಕಿಬೀಳೋದೇ ಇಲ್ಲಿ. ಅದಕ್ಕೇ ಮೊದಲು ಮರ ಎಣಿಸಿ, ಹಳೇ ಗಾಡಿದಾರಿಯ ಗುಂಟ ರಸ್ತೆ ತಿರುಗಿಸಿ, ಅಗಲ ಇಳಿಸಿ, ಆಮೇಲೆ ನಕ್ಷೆ. ಗ್ರಾಮಸಭೆಯ ಶಿಫಾರಸು ಕಡ್ಡಾಯ. ಪಂಚಾಯ್ತಿ ಸದಸ್ಯರ ಠರಾವು ಅದಕ್ಕೆ ಬದಲಿ ಅಲ್ಲ. ಗ್ರಾಮಸಭೆಗೆ ಅದರ ಅರ್ಧದಷ್ಟು ಸದಸ್ಯರ ಕೋರಂ, ಬಂದವರಲ್ಲಿ ಕನಿಷ್ಠ ಮೂರನೇ ಒಂದು ಭಾಗ ಹೆಂಗಸರು ಇರ್ಬೇಕು. ಅರ್ಜಿ ಕೊಡೋದು ಕೆಲಸ ಮಾಡುವ ಇಲಾಖೆ, ವಲಯ ಅರಣ್ಯಾಧಿಕಾರಿಗೆ.

ಉತ್ತರ 3: ಜಾಗ ಶರಾವತಿ ಕಣಿವೆ ಅಭಯಾರಣ್ಯದ ಒಳಗೋ ಹೊರಗೋ ಮೊದಲೇ ಸರ್ವೆ ನಂಬರ್ ಹಾಕಿ ನೋಡಿ. ಒಳಗಿದ್ರೆ ವನ್ಯಜೀವಿ ಕಾಯ್ದೆಯ ಕಲಂ 29ರ (ಪರವಾನಗಿ ಇಲ್ಲದೆ ಅಭಯಾರಣ್ಯ ಹಾಳುಮಾಡೋದಕ್ಕೆ ನಿಷೇಧ) ಪ್ರಶ್ನೆ ಬೇರೆಯೇ ಏಳ್ತದೆ.