ಹೋಲಿಕೆಯ ವಾಕ್ಯದಲ್ಲಿ ‘ಈವನ್’ ಜಾಗ ಬದಲಿಸಿದರೆ ಅರ್ಥ ಏಕೆ ಬದಲಾಗುತ್ತದೆ?

ಪ್ರಶ್ನೆ: ‘ಈವನ್ ರವಿ ಈಸ್ ಟಾಲರ್ ದ್ಯಾನ್ ಗೋಪಾಲ್’, ‘ರವಿ ಈಸ್ ಈವನ್ ಟಾಲರ್ ದ್ಯಾನ್ ಗೋಪಾಲ್’ ಎಂಬ ಎರಡು ಇಂಗ್ಲಿಷ್ ವಾಕ್ಯಗಳನ್ನು ನಾನು ಕನ್ನಡಕ್ಕೆ ಒಂದೇ ರೀತಿ ಅನುವಾದಿಸಿದ್ದೆ, ಅದು ತಪ್ಪೆಂದು ತಿದ್ದಿದರು. ಪದಗಳೂ ಅವೇ, ಇಬ್ಬರಲ್ಲಿ ರವಿಯೇ ಎತ್ತರ ಎಂಬ ಸಂಗತಿಯೂ ಅದೇ. ಹಾಗಿದ್ದರೆ ವ್ಯತ್ಯಾಸ ಎಲ್ಲಿದೆ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1: ವ್ಯತ್ಯಾಸವಿರುವುದು ವಾಕ್ಯವು ಬಾಯಿಬಿಟ್ಟು ಹೇಳದ ಭಾಗದಲ್ಲಿ. ಮೊದಲನೆಯ ವಾಕ್ಯವನ್ನಾಡುವವರು ರವಿಯನ್ನು ಕುಳ್ಳನೆಂದೇ ಎಣಿಸಿದ್ದಾರೆ. ಅಂಥ ರವಿಯೂ ಗೋಪಾಲನಿಗಿಂತ ಎತ್ತರವೆಂದ ಮೇಲೆ ಗೋಪಾಲ ಇನ್ನೆಷ್ಟು ಕುಳ್ಳನಿರಬೇಕು! ಎರಡನೆಯದರಲ್ಲಿ ಗೋಪಾಲನೇ ಎತ್ತರದ ಆಳು, ರವಿ ಅವನನ್ನೂ ಮೀರಿಸಿದ್ದಾನೆ. ಒಂದು ಪದ ಎರಡು ಹೆಜ್ಜೆ ಸರಿದ ಮಾತ್ರಕ್ಕೆ ಗೋಪಾಲ ಕುಳ್ಳನಿಂದ ಎತ್ತರದವನಾಗಿಬಿಟ್ಟ. ಇಂಗ್ಲಿಷ್ ಪದದ ಸ್ಥಾನದಿಂದ ಮಾಡುವ ಈ ಕೆಲಸವನ್ನು ಕನ್ನಡ ಪದದ ಕೊನೆಗೆ ಸೇರುವ ‘ಊ’ ಎಂಬುದರಿಂದ ಮಾಡುತ್ತದೆ: ‘ರವಿಯೂ ಗೋಪಾಲನಿಗಿಂತ ಎತ್ತರ’, ‘ರವಿ ಗೋಪಾಲನಿಗಿಂತಲೂ ಎತ್ತರ’.

ಉತ್ತರ 2: ಮೇಲಿನ ವಿವರಣೆ ಸರಿಯಾಗಿದೆ, ಆದರೆ ಕೊನೆಯ ಅನುವಾದಕ್ಕೆ ನನ್ನ ಒಪ್ಪಿಗೆಯಿಲ್ಲ. ಇಂದಿನ ಬರವಣಿಗೆಯಲ್ಲಿ ‘ಗಿಂತ’, ‘ಗಿಂತಲೂ’ ಎರಡನ್ನೂ ಭೇದವಿಲ್ಲದೆ ಬಳಸುವುದರಿಂದ ಆ ‘ಊ’ ತನ್ನ ಕಸುವನ್ನು ಬಹುಮಟ್ಟಿಗೆ ಕಳೆದುಕೊಂಡಿದೆ. ‘ರವಿ ಗೋಪಾಲನಿಗಿಂತ ಮತ್ತಷ್ಟು ಎತ್ತರ’ ಎಂದರೆ ಗೋಪಾಲನೂ ಎತ್ತರದವನೆಂಬುದು ಉಳಿಯುತ್ತದೆ.

ಪ್ರಶ್ನೆ ಕೇಳಿದವರು: ಇಬ್ಬರಿಗೂ ಧನ್ಯವಾದಗಳು. ‘ಮತ್ತಷ್ಟು’ ಬದಲು ‘ಇನ್ನೂ’ ಎನ್ನಬಹುದೇ?

ಉತ್ತರ 2: ಎನ್ನಬಹುದು, ಆದರೆ ಎಚ್ಚರ ಬೇಕು. ‘ಸ್ಟಿಲ್’ ಎಂಬ ಪದಕ್ಕಿರುವ ತೊಡಕೇ ನಮ್ಮ ‘ಇನ್ನೂ’ಗೂ ಇದೆ. ‘ಶಿ ಈಸ್ ಸ್ಟಿಲ್ ಟಾಲರ್’ ಎಂದರೆ ತಮ್ಮ ಬೆಳೆದರೂ ಈಗಲೂ ಅವಳೇ ಎತ್ತರ ಎಂದಾಗಬಹುದು, ಅಥವಾ ಎತ್ತರವಿರುವ ಇನ್ನೊಬ್ಬರನ್ನು ಅವಳು ಮೀರಿಸಿದ್ದಾಳೆ ಎಂದೂ ಆಗಬಹುದು. ‘ಶಿ ಈಸ್ ಟಾಲರ್ ಸ್ಟಿಲ್’ ಎಂದು ಕೊನೆಗೆ ಸರಿಸಿದರೆ ಸಾಮಾನ್ಯವಾಗಿ ಎರಡನೆಯ ಅರ್ಥವೇ ನಿಲ್ಲುತ್ತದೆ. ಕನ್ನಡದಲ್ಲಿ ‘ಇನ್ನೂ’ ಪದವನ್ನು ಎತ್ತ ಸರಿಸಿದರೂ ಇಷ್ಟು ಖಚಿತವಾಗಿ ಅರ್ಥ ಬೇರ್ಪಡುವುದಿಲ್ಲವಾದ್ದರಿಂದ, ಮೊದಲ ಅರ್ಥಕ್ಕೆ ‘ಈಗಲೂ’, ಎರಡನೆಯದಕ್ಕೆ ‘ಮತ್ತಷ್ಟು’ ಎಂದು ಪದವನ್ನೇ ಬದಲಿಸುವುದು ಲೇಸು.

ಉತ್ತರ 1: ‘ಗಿಂತಲೂ’ ಕುರಿತ ಆಕ್ಷೇಪವನ್ನು ಒಪ್ಪುತ್ತೇನೆ. ಒಂದು ಮಾತು ಸೇರಿಸುವೆ: ಇದೆಲ್ಲ ಬರಹಕ್ಕೆ ಹೆಚ್ಚು ಅನ್ವಯಿಸುತ್ತದೆ. ಮಾತಿನಲ್ಲಿ ‘ಗೋಪಾಲ್’ ಎಂಬ ಹೆಸರನ್ನು ಒತ್ತಿ ಹೇಳಿದರೆ, ‘ಟಾಲರ್’ ಪದದ ಹಿಂದೆಯೇ ನಿಂತಿರುವ ‘ಈವನ್’ ಕೂಡ ಆ ಹೆಸರಿಗೇ ಅನ್ವಯಿಸಬಲ್ಲದು. ಆಗ ಮಾತ್ರ ನನ್ನ ‘ಗೋಪಾಲನಿಗಿಂತಲೂ’ ಸರಿಹೊಂದುತ್ತದೆ.